ಕಿಟಕಿ ಸಂದಿನ ಸೋರಿಕೆಗೆ ಯಾವ ಸೀಲೆಂಟ್?

ಪ್ರಶ್ನೆ: ನಮ್ಮ ಮನೆ ಮಡಿಕೇರಿಯಲ್ಲಿದೆ. ನೈಋತ್ಯ ದಿಕ್ಕಿನ ಮರದ ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಕಳೆದ ಜೂನ್‌ನಲ್ಲಿ ಸಿಲಿಕಾನ್ ಹಾಕಿಸಿದೆವು. ಹಾಕುವಾಗ ವಿನೆಗರ್ ವಾಸನೆ ಬರುತ್ತಿತ್ತು. ಆಗಸ್ಟ್ ಹೊತ್ತಿಗೆ ಗೋಡೆಯ ಕಡೆಯಿಂದ ಬಿಟ್ಟುಕೊಂಡಿತು. ಬಳಿದ ಬಣ್ಣವೂ ನಿಲ್ಲಲಿಲ್ಲ. ಮೇಲೆ ಇನ್ನೊಂದು ಪದರ ಎಳೆಸಿದರೆ ಸಾಕೇ?

ಉತ್ತರ: ಸಾಲದು. ಹಳೆಯ ಸಿಲಿಕಾನ್ ಮೇಲೆ ಬೇರೆ ಸೀಲೆಂಟ್ ಸರಿಯಾಗಿ ಹಿಡಿಯುವುದಿಲ್ಲ. ಕಟರ್‌ನಿಂದ ಪೂರ್ತಿ ಕೆರೆದು, ಉಳಿದ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬೇಕು.

ವಿನೆಗರ್ ವಾಸನೆಯೇ ಕಾರಣ ಹೇಳುತ್ತಿದೆ. ಆ ಬಗೆಯ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಹೊರಬರುತ್ತದೆ. ಸಿಮೆಂಟಿನ ಕ್ಷಾರದೊಡನೆ ಅದು ಸೇರಿದರೆ ಅಂಟು ಸಡಿಲವಾಗುತ್ತದೆ. ಗಾಜಿಗೆ ಅದು ಒಳ್ಳೆಯದೇ, ಗಾರೆಗೆ ಬೇಡ. ಬಣ್ಣವಂತೂ ಸಾಮಾನ್ಯ ಸಿಲಿಕಾನ್ ಮೇಲೆ ನಿಲ್ಲುವುದೇ ಇಲ್ಲ.

ನಿಮ್ಮ ಕಿಟಕಿಗೆ ಪಾಲಿಯುರೆಥೇನ್ ಅಥವಾ ಎಂಎಸ್ ಪಾಲಿಮರ್ ಸೀಲೆಂಟ್ ಕೇಳಿ. ಎರಡೂ ಮರ, ಸಿಮೆಂಟು ಎರಡನ್ನೂ ಹಿಡಿಯುತ್ತವೆ, ಬಣ್ಣವನ್ನೂ ಒಪ್ಪುತ್ತವೆ. ಪಾಲಿಯುರೆಥೇನ್ ಬಿಸಿಲಿಗೆ ಹಳದಿಯಾಗಿ ಬಿರಿಯುವುದರಿಂದ ಬಣ್ಣ ಬಳಿಯಲೇಬೇಕು. ಬೆಲೆ ಹೆಚ್ಚಾದರೂ ನನ್ನ ಆಯ್ಕೆ ಎಂಎಸ್ ಪಾಲಿಮರ್. ಅಕ್ರಿಲಿಕ್ ಒಳಗೋಡೆಗಿರಲಿ.

ಆದರೆ ಟ್ಯೂಬ್‌ಗಿಂತ ದೊಡ್ಡ ತಪ್ಪು ಜೂನ್ ತಿಂಗಳು. ಗಾಳಿಯ ತೇವ ಈ ಸೀಲೆಂಟ್‌ಗಳಿಗೆ ಬೇಕು, ಅದರಿಂದಲೇ ಅವು ಗಟ್ಟಿಯಾಗುವುದು. ಒದ್ದೆ ಗೋಡೆಗೆ ಮಾತ್ರ ಅವು ಅಂಟುವುದಿಲ್ಲ. ಮಳೆಗಾಲದಲ್ಲಿ ಮರವೂ ಉಬ್ಬಿ ಸಂದು ಕಿರಿದಾಗಿರುತ್ತದೆ, ಬೇಸಿಗೆಯಲ್ಲಿ ಅದು ಕುಗ್ಗಿದಾಗ ಎಳೆತ ಬೀಳುತ್ತದೆ. ಜನವರಿ, ಫೆಬ್ರುವರಿಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ, ಇಬ್ಬನಿ ಆರಿದ ಮೇಲೆ ಕೆಲಸ ಹಿಡಿಯಿರಿ. ಅನುಮಾನವಿದ್ದರೆ ಗೋಡೆಗೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪ್ ಮಾಡಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ಇನ್ನೂ ಕಾಯಿರಿ.

ಸಂದಿಯೊಳಗೆ ಮೊದಲು ಫೋಮ್ ಹಗ್ಗ, ಅಂದರೆ ಬ್ಯಾಕರ್ ರಾಡ್ ತುರುಕಿಸಿ. ಆಗ ಸೀಲೆಂಟ್ ಎರಡು ಬದಿಗೆ ಮಾತ್ರ ಅಂಟಿ, ಮರದ ಜೊತೆ ಹಿಗ್ಗಿ ಕುಗ್ಗುತ್ತದೆ. ತಳಕ್ಕೂ ಅಂಟಿದರೆ ಸೀಳುತ್ತದೆ. ಸಂದು 10 ಮಿ.ಮೀ. ಅಗಲವಿದ್ದರೆ ಸೀಲೆಂಟ್ ಆಳ 5 ಮಿ.ಮೀ. ಸಾಕು. ಟ್ಯೂಬ್ ಮೇಲಿನ ಅವಧಿಯ ದಿನಾಂಕ ನೋಡಿಯೇ ಕೊಳ್ಳಿ.

ಸಜ್ಜಾ ಮತ್ತು ಕಿಟಕಿ ಹಲಗೆಯ ಅಡಿಯಲ್ಲಿ ನೀರು ತೊಟ್ಟಿಕ್ಕಲು ಕೊರೆದ ಗೀರು ಇರುತ್ತದೆ. ಅದನ್ನು ದಯವಿಟ್ಟು ಮುಚ್ಚಿಸಬೇಡಿ. ಅಲ್ಯೂಮಿನಿಯಂ ಕಿಟಕಿಯ ತಳದ ತೂತುಗಳನ್ನೂ ಅಷ್ಟೇ. ಎರಚಲು ಮಳೆಯ ನೀರು ಸ್ವಲ್ಪ ಒಳಬಂದೇ ಬರುತ್ತದೆ, ಹೊರದಾರಿ ಮುಚ್ಚಿದರೆ ಚೌಕಟ್ಟು ಕೊಳೆಯುತ್ತದೆ.

ಪ್ರತಿ ಅಕ್ಟೋಬರ್‌ನಲ್ಲಿ ಪಾಚಿಯನ್ನು ಮೆತ್ತನೆಯ ಬ್ರಷ್‌ನಿಂದ ತೊಳೆದು, ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಬಿಟ್ಟುಕೊಂಡ ಜಾಗ ಗುರುತು ಹಾಕಿಟ್ಟರೆ ಜನವರಿಯಲ್ಲಿ ಅಷ್ಟನ್ನೇ ಕತ್ತರಿಸಿ ಹೊಸದು ತುಂಬಬಹುದು.