ಜಗಳ ಬರೆಯುವ ಮೊದಲು ಹಾಡು ಕೇಳಿ

ನಮಸ್ಕಾರ.

ಇಂಗ್ಲೆಂಡಿನ ನಾಲ್ವರ ರಾಕ್ ತಂಡ ಬೀಟಲ್ಸ್‌ನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಬಗ್ಗೆ ನೀವು ಕಳಿಸಿದ ‘ಮೂರನೆಯವನು’ ಲೇಖನ ಓದಿದೆ. ಭಾಷೆ ಹದವಾಗಿದೆ. ಸಿತಾರ್ ಕುರಿತ ಪ್ಯಾರಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ನೀವು ಎತ್ತಿಕೊಂಡ ಪ್ರಶ್ನೆ ದೊಡ್ಡದು: ನಾಲ್ಕು ಜನ ಸೇರಿ ಕಟ್ಟಿದ ಹಾಡಿಗೆ ಯಾರ ಹೆಸರು ಬೀಳಬೇಕು, ದುಡ್ಡು ಯಾರ ಮನೆಗೆ ಹೋಗಬೇಕು? ಅಂಥ ಪ್ರಶ್ನೆಯನ್ನು ಒಬ್ಬ ಸಾಧು, ಇಬ್ಬರು ದುಷ್ಟರ ಕಥೆಯಾಗಿಸಿ ಮುಗಿಸಿಬಿಟ್ಟಿದ್ದೀರಲ್ಲ, ಅದಕ್ಕೆ ನನಗೆ ಸಿಟ್ಟು ಬಂದಿದೆ. ಉಳಿದ ಸಣ್ಣಪುಟ್ಟದ್ದನ್ನು ಬಿಟ್ಟು ಎರಡೇ ವಿಷಯ ಹೇಳುತ್ತೇನೆ.

ಎರಡನೇ ಪುಟದಲ್ಲಿ ನಿಮ್ಮ ವಾಕ್ಯ ಹೀಗಿದೆ: ‘ಜಾನ್ ಮತ್ತು ಪಾಲ್ ಸೇರಿ ಜಾರ್ಜ್‌ನ ಹಾಡುಗಳಿಗೆ ತಮ್ಮ ಹೆಸರು ಹಾಕಿಕೊಂಡರು.’

ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಹಾಗೆ ಮಾಡಿದ್ದೇ ಇಲ್ಲ. 1963ರ ‘ವಿತ್ ದ ಬೀಟಲ್ಸ್’ ಆಲ್ಬಂನಲ್ಲಿ ಬಂದ ‘ಡೋಂಟ್ ಬಾದರ್ ಮಿ’ಯಿಂದ ಹಿಡಿದು ಕೊನೆಯವರೆಗೂ ಹ್ಯಾರಿಸನ್ ಬರೆದ ಹಾಡಿಗೆ ಹ್ಯಾರಿಸನ್ ಹೆಸರೇ ಇದೆ. ಅವರಿಗಾದ ನಷ್ಟ ಬೇರೆ ಕಡೆ ಇದೆ, ನೀವು ಅಲ್ಲಿ ಕೈ ಹಾಕಿಲ್ಲ. 1964ರಲ್ಲಿ ಬಂದ ‘ಆ್ಯಂಡ್ ಐ ಲವ್ ಹರ್’ ಹಾಕಿ ಕೇಳಿ. ಹಾಡು ಶುರುವಾಗುವುದೇ ಗಿಟಾರಿನ ನಾಲ್ಕು ಸ್ವರಗಳ ಒಂದು ತುಣುಕಿನಿಂದ, ಮುಂದೆ ಅದು ಮತ್ತೆ ಮತ್ತೆ ಬರುತ್ತದೆ. ಆ ತುಣುಕು ಹ್ಯಾರಿಸನ್ ಅವರದು ಎಂದು ಮೆಕಾರ್ಟ್ನಿಯವರೇ ಬಾಯಿಬಿಟ್ಟು ಹೇಳಿದ್ದಾರೆ. ಅದನ್ನು ತೆಗೆದುಬಿಟ್ಟರೆ ಹಾಡಿನ ಗುರುತೇ ಹೋಗುತ್ತದೆ. ಆದರೂ ರೆಕಾರ್ಡಿನ ಲೇಬಲ್ ಮೇಲೆ ಹಾಡು ಬರೆದವರೆಂದು ಇರುವುದು ಲೆನನ್–ಮೆಕಾರ್ಟ್ನಿ. ಯಾಕೆಂದರೆ ಆಗಿನ ವಾಡಿಕೆಯಲ್ಲಿ ಸಾಹಿತ್ಯ ಮತ್ತು ಹಾಡುವ ಧಾಟಿ ಎರಡೇ ‘ಹಾಡು’. ಗಿಟಾರಿನ ತುಣುಕು, ಡ್ರಮ್ಸ್ ನಡೆ, ಬೇಸ್ ಸಾಲು ಇವೆಲ್ಲ ನುಡಿಸುವವರ ಕೆಲಸ, ಅದಕ್ಕೆ ಹೆಸರಿಲ್ಲ. ‘ಎ ಹಾರ್ಡ್ ಡೇಸ್ ನೈಟ್’ ಎಂಬ ಮಾತು ಡ್ರಮ್ಸ್ ನುಡಿಸುವ ರಿಂಗೊ ಸ್ಟಾರ್ ಬಾಯಿಂದ ಬಂದದ್ದು, ಆ ಹಾಡಿನಲ್ಲೂ ಅವರ ಹೆಸರಿಲ್ಲ. ‘ನಾರ್ವೇಜಿಯನ್ ವುಡ್’ನ ಹ್ಯಾರಿಸನ್ ನುಡಿಸಿದ ಸಿತಾರ್ ಬಗ್ಗೆ ಅಷ್ಟು ಅಕ್ಕರೆಯಿಂದ ಬರೆದಿದ್ದೀರಿ. ಅದರ ಮೇಲೂ ಇರುವುದು ಆ ಇಬ್ಬರ ಹೆಸರೇ ಎಂಬುದನ್ನು ಅಲ್ಲೇ ಹೇಳಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತಿತ್ತು.

ಈ ವಾಡಿಕೆ ಪ್ರಶ್ನಾತೀತವಲ್ಲ ಎಂಬುದಕ್ಕೂ ನಿಮಗೆ ಆಧಾರ ಸಿಗುತ್ತಿತ್ತು. ಪ್ರೋಕಲ್ ಹಾರಮ್ ತಂಡದ 1967ರ ‘ಎ ವೈಟರ್ ಶೇಡ್ ಆಫ್ ಪೇಲ್’ನ ಆರ್ಗನ್ ಸಾಲುಗಳನ್ನು ಕಟ್ಟಿದವರು ಮ್ಯಾಥ್ಯೂ ಫಿಷರ್. ದಶಕಗಳ ಕಾಲ ಅವರಿಗೆ ಹಾಡಿನಲ್ಲಿ ಪಾಲಿರಲಿಲ್ಲ. 2005ರಲ್ಲಿ ಕೋರ್ಟಿಗೆ ಹೋದರು. ವ್ಯಾಜ್ಯ ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹತ್ತಿತು. 2009ರಲ್ಲಿ ಸಂಗೀತದ ಹಕ್ಕಿನಲ್ಲಿ ಶೇಕಡ 40 ಅವರದೆಂದು ಖಾಯಂ ಆಯಿತು. ಆರ್.ಇ.ಎಂ. ತಂಡದವರು ಇಂಥ ವ್ಯಾಜ್ಯಕ್ಕೆ ಎಡೆಯೇ ಕೊಡದೆ, ಯಾರು ತಂದ ಹಾಡಾದರೂ ನಾಲ್ವರ ಹೆಸರನ್ನೂ ಹಾಕಿದರು. ಬೀಟಲ್ಸ್‌ನಲ್ಲೂ ನಾಲ್ವರ ಹೆಸರಿರುವ ‘ಫ್ಲೈಯಿಂಗ್’ ಇದೆ, ಸ್ಟಾರ್ಕಿ ಎಂದು ರಿಂಗೊ ಅವರ ನಿಜ ಹೆಸರು ಸೇರಿರುವ ‘ವಾಟ್ ಗೋಸ್ ಆನ್’ ಇದೆ. ಹೀಗಾಗಿ ‘ಅವರು ಯಾರಿಗೂ ಏನೂ ಬಿಟ್ಟುಕೊಡಲಿಲ್ಲ’ ಎಂಬ ನಿಮ್ಮ ಮುಂದಿನ ವಾಕ್ಯವೂ ನಿಲ್ಲುವುದಿಲ್ಲ.

ಅದರ ಕೆಳಗಿನ ಸಾಲು: ‘ಹಣವನ್ನೆಲ್ಲ ಇಬ್ಬರೇ ನುಂಗಿದರು.’

ಯಾವ ಹಣ? ಇಲ್ಲಿ ಎರಡು ಖಾತೆಗಳಿವೆ, ನೀವು ಕಲಸಿಬಿಟ್ಟಿದ್ದೀರಿ. ಒಂದು ರೆಕಾರ್ಡ್ ಮಾರಾಟದ ರಾಯಲ್ಟಿ. 1962ರ ಒಪ್ಪಂದದಂತೆ ರೆಕಾರ್ಡ್ ಕಂಪನಿ ಇಎಂಐ, ಬದಿಗೊಂದು ಹಾಡಿರುವ ಒಂದು ಸಿಂಗಲ್‌ಗೆ ಕೊಡುತ್ತಿದ್ದದ್ದು ಒಂದೇ ಒಂದು ಪೆನ್ನಿ. ಅದು ನಾಲ್ವರಿಗೂ ಹಂಚಿಕೆಯಾಗಬೇಕು, ಮೇಲೆ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಕಮಿಷನ್. ಇಲ್ಲಿ ನುಂಗಲು ಏನೂ ಇರಲಿಲ್ಲ. ಎರಡನೆಯದು ಹಾಡಿನ ಪ್ರಕಾಶನದ ಹಕ್ಕು. ರೇಡಿಯೊದಲ್ಲಿ ಬಂದಾಗ, ಬೇರೆಯವರು ಹಾಡಿದಾಗ, ಸ್ವರಲಿಪಿ ಅಚ್ಚಾದಾಗ ಹಣ ಬರುವುದು ಇದರಿಂದ. ಶ್ರೀಮಂತಿಕೆ ಇದ್ದದ್ದು ಈ ಖಾತೆಯಲ್ಲಿ.

ಇದಕ್ಕಾಗಿ 1963ರಲ್ಲಿ ನಾರ್ದರ್ನ್ ಸಾಂಗ್ಸ್ ಎಂಬ ಕಂಪನಿ ಹುಟ್ಟಿತು. ಲೆನನ್‌ಗೆ ಶೇಕಡ 20, ಮೆಕಾರ್ಟ್ನಿಗೆ 20, ಎಪ್‌ಸ್ಟೀನ್‌ಗೆ 10. ಉಳಿದ ಅರ್ಧ ಪ್ರಕಾಶಕ ಡಿಕ್ ಜೇಮ್ಸ್ ಮತ್ತು ಅವರ ಪಾಲುದಾರನದು. ನೋಡಿ, ‘ನುಂಗಿದ’ ಇಬ್ಬರಿಗೆ ತಮ್ಮದೇ ಹಾಡುಗಳ ಕಂಪನಿಯಲ್ಲಿ ಅರ್ಧ ಪಾಲೂ ಇಲ್ಲ. 1965ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂದಾಗ ಅವರಿಬ್ಬರ ಪಾಲು ತಲಾ 15ಕ್ಕೆ ಇಳಿಯಿತು. ಹ್ಯಾರಿಸನ್ ಮತ್ತು ಸ್ಟಾರ್ ಇಬ್ಬರಿಗೂ ಸೇರಿ ಸಿಕ್ಕಿದ್ದು ಶೇಕಡ 1.6.

ನಿಮ್ಮ ಲೇಖನದ ಜೀವ ಇರಬೇಕಾದದ್ದು ಈ 1.6ರಲ್ಲಿ. ಹ್ಯಾರಿಸನ್ ಕೂಡ ಆ ಕಂಪನಿಗೇ ಬರೆಯುವ ಕರಾರಿಗೆ ಸಹಿ ಹಾಕಿದ್ದರು. ಅಂದರೆ ಅವರು ಒಬ್ಬರೇ ಕೂತು ಬರೆದ ಹಾಡಿನಲ್ಲಿ ಬರೆದವನ ಪಾಲು ಅವರಿಗೆ ಬರುತ್ತಿತ್ತು, ಪ್ರಕಾಶಕನ ಪಾಲು ಮಾತ್ರ ಕಂಪನಿಗೆ ಹೋಗುತ್ತಿತ್ತು. ಅಲ್ಲಿ ಅವರಿಗಿಂತ ಲೆನನ್, ಮೆಕಾರ್ಟ್ನಿಯವರ ಹಿಸ್ಸೆ ಎಷ್ಟೋ ಪಟ್ಟು ಹೆಚ್ಚು. ಕಳ್ಳತನ ಯಾರೂ ಮಾಡಲಿಲ್ಲ, ಸಹಿ ಹಾಕಿದ ಕಾಗದವೇ ಹಾಗಿತ್ತು. ಈ ಸಂಕಟವನ್ನೇ ಇಟ್ಟುಕೊಂಡು 1967ರಲ್ಲಿ ಹ್ಯಾರಿಸನ್ ‘ಓನ್ಲಿ ಎ ನಾರ್ದರ್ನ್ ಸಾಂಗ್’ ಎಂಬ ಹಾಡನ್ನೇ ಬರೆದರು. ನಿಮ್ಮ ಹತ್ತು ಪುಟಗಳಲ್ಲಿ ಅದರ ಹೆಸರಿಲ್ಲ. 1968ರಲ್ಲಿ ಆ ಕರಾರು ಮುಗಿದ ಮೇಲೆ ಅವರ ಹಾಡುಗಳು ಸ್ವಂತ ಕಂಪನಿ ಹ್ಯಾರಿಸಾಂಗ್ಸ್‌ಗೆ ಬಂದವು. ಹಾಗಾಗಿ ‘ಸಮ್‌ಥಿಂಗ್ ಹಾಡಿನ ಲಾಭವೂ ಜಾನ್, ಪಾಲ್ ಪಾಲಾಯಿತು’ ಎಂಬ ನಿಮ್ಮ ಆರನೇ ಪುಟದ ಸಾಲನ್ನು ಹೊಡೆದುಹಾಕಿ. 1969ರ ‘ಸಮ್‌ಥಿಂಗ್’ ಹ್ಯಾರಿಸಾಂಗ್ಸ್‌ನದು. ಬೀಟಲ್ಸ್ ಸಿಂಗಲ್‌ನ ಮುಖ್ಯ ಹಾಡಿನ ಬದಿಯಾದ ಎ ಬದಿಗೆ ಬಂದ ಅವರ ಮೊದಲ ಹಾಡೂ ಅದೇ.

ಇನ್ನು ತಂಡದ ಆಲ್ಬಂಗಳಲ್ಲಿ ಹ್ಯಾರಿಸನ್ ಹಾಡುಗಳಿಗೆ ಸಿಕ್ಕ ಜಾಗದ ಮಾತು. ‘ಬೇಕೆಂದೇ ತುಳಿದರು’ ಎಂದು ಬರೆದಿದ್ದೀರಿ, ಲೆಕ್ಕ ಕೊಟ್ಟಿಲ್ಲ. ಲೆಕ್ಕ ಇಲ್ಲಿದೆ: 1963ರಲ್ಲಿ 1 ಹಾಡು, 1964ರ ಎರಡೂ ಆಲ್ಬಂಗಳಲ್ಲಿ ಸೊನ್ನೆ, 1965ರ ಎರಡರಲ್ಲಿ ಎರಡೆರಡು, ‘ರಿವಾಲ್ವರ್’ನಲ್ಲಿ 3, ‘ಸಾರ್ಜೆಂಟ್ ಪೆಪರ್ಸ್’ನಲ್ಲಿ 1, 1968ರ ಜೋಡಿ ಆಲ್ಬಂನ 30ರಲ್ಲಿ 4, ‘ಆ್ಯಬಿ ರೋಡ್’ನಲ್ಲಿ 2. 1969ರ ಜನವರಿಯಲ್ಲಿ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಹಾಡನ್ನು ತಂಡದ ಮುಂದಿಟ್ಟು ಅಭ್ಯಾಸ ಮಾಡಿಸಿದರು, ತಂಡ ಒಟ್ಟಿಗಿದ್ದ ಕಾಲದ ಯಾವ ಆಲ್ಬಂನಲ್ಲೂ ಅದು ಸೇರಲಿಲ್ಲ. 1970ರಲ್ಲಿ ಅದೇ ಹೆಸರಿನಲ್ಲಿ ಮೂರು ಎಲ್‌ಪಿಗಳ ಆಲ್ಬಂ ತಂದರು. ಇಷ್ಟನ್ನು ಬರೆದರೆ ‘ತುಳಿದರು’ ಎಂಬ ಮಾತು ಬೇಡವೇ ಬೇಡ, ಓದುಗರಿಗೆ ತಾನಾಗಿ ತಿಳಿಯುತ್ತದೆ.

ಎದುರು ದಿಕ್ಕಿನ ಸತ್ಯವನ್ನೂ ಬರೆಯಲೇಬೇಕು. ಹ್ಯಾರಿಸನ್ ಅವರ ‘ಟ್ಯಾಕ್ಸ್‌ಮನ್’ನಲ್ಲಿ ಎಲ್ಲರೂ ಮೆಚ್ಚುವ ಆ ಗಿಟಾರ್ ಸೋಲೊ ನುಡಿಸಿದ್ದು ಮೆಕಾರ್ಟ್ನಿ. ಅದೇ ಹಾಡಿನ ಕೆಲವು ಸಾಲುಗಳಿಗೆ ತಾನು ನೆರವಾದೆ ಎಂದು ಲೆನನ್ ಹೇಳಿಕೊಂಡಿದ್ದಾರೆ. ಹೆಸರು ಹ್ಯಾರಿಸನ್ ಒಬ್ಬರದೇ. ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ನಲ್ಲಿ ಗಿಟಾರ್ ನುಡಿಸಿದ, ತಂಡದ ಹೊರಗಿನ ಎರಿಕ್ ಕ್ಲಾಪ್ಟನ್ ಹೆಸರು ಆಲ್ಬಂನ ಹೊದಿಕೆಯ ಮೇಲೆ ಇರಲಿಲ್ಲ. ಜಾರ್ಜ್‌ಗೆ ಅನ್ಯಾಯ ಮಾಡಿದ ಅದೇ ವಾಡಿಕೆ ಜಾರ್ಜ್ ಹಾಡುಗಳಲ್ಲಿ ಬೇರೆಯವರಿಗೂ ಅನ್ವಯಿಸಿತು. ಇದನ್ನು ಮುಚ್ಚಿಟ್ಟು ಬರೆದ ಲೇಖನವನ್ನು ವಿಷಯ ಗೊತ್ತಿರುವವರು ಮೊದಲ ಪುಟದಲ್ಲೇ ಕೆಳಗಿಡುತ್ತಾರೆ.

ಈಗ ಎರಡನೇ ತಪ್ಪು. ನನ್ನನ್ನು ಹೆಚ್ಚು ಕಾಡಿದ್ದು ಇದೇ. ನಿಮ್ಮ ವಾಕ್ಯ: ‘ಪಾಲ್‌ನ ಅಹಂಕಾರ, ಹೊಟ್ಟೆಕಿಚ್ಚು ಸಹಿಸಲಾಗದೆ ಜಾರ್ಜ್ ಒಂದು ದಿನ ಸಿಡಿದೆದ್ದು ಹೊರನಡೆದ.’

ನಾನು ಉಪಸಂಪಾದಕನಾಗಿ ಕೆಲಸ ಕಲಿಯುತ್ತಿದ್ದಾಗ ನಮ್ಮ ಹಿರಿಯರು ‘ಅಹಂಕಾರಿ’, ‘ಮಹಾನ್’, ‘ಮುಗ್ಧ’ ಇಂಥ ಪದ ಕಂಡಲ್ಲೆಲ್ಲ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಏನು ಮಾಡಿದ?’ ಎಂದು ಗೀಚುತ್ತಿದ್ದರು. ಉತ್ತರ ಗೊತ್ತಿದ್ದರೆ ಆ ಪದ ತೆಗೆದು ಉತ್ತರವನ್ನೇ ಬರೆಯಬೇಕು, ಗೊತ್ತಿಲ್ಲದಿದ್ದರೆ ವಾಕ್ಯವೇ ಹೋಗಬೇಕು. ಆ ಶಿಸ್ತನ್ನು ನಾನು ಇಂದಿಗೂ ಬಿಟ್ಟಿಲ್ಲ. ನಿಮ್ಮ ವಾಕ್ಯಕ್ಕೂ ಅದೇ ಪ್ರಶ್ನೆ: ಪಾಲ್ ಏನು ಮಾಡಿದರು?

ಉತ್ತರ ಇದೆ. 1968ರ ಜುಲೈ ಕೊನೆಯಲ್ಲಿ ‘ಹೇ ಜೂಡ್’ ಅಭ್ಯಾಸ ನಡೆಯುತ್ತಿತ್ತು. ಹಾಡಿನ ಪ್ರತಿ ಸಾಲಿನ ಕೊನೆಯಲ್ಲಿ ಗಿಟಾರಿನಿಂದ ಒಂದು ಉತ್ತರ ಕೊಡಬೇಕೆಂದು ಹ್ಯಾರಿಸನ್‌ಗೆ ಅನಿಸಿತು. ಕಛೇರಿಯಲ್ಲಿ ಗಾಯಕರು ಸಾಲು ಬಿಟ್ಟ ಕೂಡಲೇ ಪಿಟೀಲು ಅದನ್ನು ಎತ್ತಿಕೊಳ್ಳುತ್ತದಲ್ಲ, ಆ ಥರ. ಮೆಕಾರ್ಟ್ನಿ ಬೇಡವೆಂದರು. ಯಾಕೆ ಬೇಡ ಎಂಬುದು ಹಾಡಿನಲ್ಲೇ ಇದೆ. ಅದು ಬರೀ ದನಿ ಮತ್ತು ಪಿಯಾನೊದಿಂದ ಶುರುವಾಗಿ, ಒಂದೊಂದೇ ವಾದ್ಯ ಸೇರುತ್ತ, ಏಳು ನಿಮಿಷ ಬೆಳೆಯುವ ಹಾಡು. ಡ್ರಮ್ಸ್ ಬರುವ ಹೊತ್ತಿಗೆ ಸುಮಾರು 50 ಸೆಕೆಂಡು ಕಳೆದಿರುತ್ತದೆ. ಮೊದಲ ಸಾಲಿನಿಂದಲೇ ಗಿಟಾರ್ ಉತ್ತರಿಸಿದರೆ ಆ ಖಾಲಿ ಜಾಗ ತುಂಬಿಹೋಗುತ್ತದೆ, ಕೊನೆಯ ಏರಿಕೆಗೆ ಏನೂ ಉಳಿಯುವುದಿಲ್ಲ. ಹಾಡು ಕಟ್ಟುವವನ ಕಡೆಯಿಂದ ಅದು ಸರಿಯಾದ ತೀರ್ಮಾನ. ಗಿಟಾರ್ ಹಿಡಿದವನ ಕಡೆಯಿಂದ ನೋಡಿ: ದನಿ ಬಿಟ್ಟ ಜಾಗವನ್ನು ತುಂಬುವುದೇ ತಂಡದಲ್ಲಿ ಅವರ ಮುಖ್ಯ ಕೆಲಸಗಳಲ್ಲೊಂದು. ಅದು ಬೇಡವೆಂದರೆ ಅವರು ಅಲ್ಲಿ ಯಾಕಿರಬೇಕು? ಆ ಅಭ್ಯಾಸವನ್ನು ಚಿತ್ರೀಕರಿಸಿದ ದಿನ ಮೂವರು ನುಡಿಸುತ್ತಿದ್ದರು, ಹ್ಯಾರಿಸನ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಜೊತೆ ಕಂಟ್ರೋಲ್ ರೂಮಿನಲ್ಲಿ ಕೂತಿದ್ದರು. ಇಬ್ಬರದೂ ಸರಿ ಇರುವ ಜಗಳ ಇದು. ನಿಮ್ಮ ‘ಅಹಂಕಾರ’ ಇದನ್ನು ಒಂದೇ ಏಟಿಗೆ ಕೊಂದಿದೆ.

‘ಒಂದು ದಿನ ಸಿಡಿದೆದ್ದು’ ಎಂಬುದೂ ತಪ್ಪು. ಟ್ವಿಕನ್‌ಹ್ಯಾಮ್ ಸ್ಟುಡಿಯೊದಲ್ಲಿ ಕ್ಯಾಮೆರಾ ಮುಂದೆ ಇಬ್ಬರಿಗೂ ಮಾತಿಗೆ ಮಾತು ಬೆಳೆದದ್ದು 1969ರ ಜನವರಿ 6ರಂದು, ‘ಟೂ ಆಫ್ ಅಸ್’ ಅಭ್ಯಾಸದ ನಡುವೆ. ನೀವು ಹೇಳಿದ್ದನ್ನು ನುಡಿಸುತ್ತೇನೆ, ಬೇಡವೆಂದರೆ ನುಡಿಸುವುದೇ ಇಲ್ಲ ಎಂದು ಹ್ಯಾರಿಸನ್ ಹೇಳಿದ್ದು ಆಗ. ತಂಡ ಬಿಟ್ಟು ಹೊರಟದ್ದು 10ರಂದು, ಊಟದ ಹೊತ್ತಿಗೆ. ನಡುವಿನ ದಿನಗಳಲ್ಲೂ ಬಂದು ನುಡಿಸಿದ್ದಾರೆ. ಆ ದಿನದ ಅವರ ದಿನಚರಿಯ ಸಾರ ಇಷ್ಟೇ: ಎದ್ದೆ, ಟ್ವಿಕನ್‌ಹ್ಯಾಮ್‌ಗೆ ಹೋದೆ, ಊಟದವರೆಗೆ ಅಭ್ಯಾಸ, ಬೀಟಲ್ಸ್ ಬಿಟ್ಟೆ, ಮನೆಗೆ ಹೋದೆ. ಅನುಭವಿಸಿದವರೇ ಒಂದು ವಿಶೇಷಣ ಬಳಸಿಲ್ಲ.

ಹೊರನಡೆದಲ್ಲಿಗೆ ನಿಮ್ಮ ಲೇಖನ ಮುಗಿಯುತ್ತದೆ. ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಅವರು ಮರಳಿದರು, ಷರತ್ತು ಹಾಕಿ ಮರಳಿದರು: ಟ್ವಿಕನ್‌ಹ್ಯಾಮ್ ಬೇಡ, ಯೋಜಿಸಿದ್ದ ದೊಡ್ಡ ಪ್ರದರ್ಶನ ಬೇಡ. ಕೆಲಸ ಲಂಡನ್ನಿನ ಸ್ಯಾವಿಲ್ ರೋ ಬೀದಿಯಲ್ಲಿದ್ದ, ತಂಡದ ಸ್ವಂತ ಕಂಪನಿ ಆ್ಯಪಲ್ ಕಚೇರಿಯ ನೆಲಮಾಳಿಗೆಗೆ ಬಂತು. ಕೀಬೋರ್ಡ್ ನುಡಿಸುವ ಬಿಲ್ಲಿ ಪ್ರೆಸ್ಟನ್ ಅವರನ್ನು ಹ್ಯಾರಿಸನ್ ಕರೆತಂದರು, ತಂಡದ ನಡೆಯೇ ಬದಲಾಯಿತು. ಏಪ್ರಿಲ್‌ನಲ್ಲಿ ಬಂದ ‘ಗೆಟ್ ಬ್ಯಾಕ್’ ಸಿಂಗಲ್‌ನ ಲೇಬಲ್ ಮೇಲೆ ‘ದ ಬೀಟಲ್ಸ್ ವಿತ್ ಬಿಲ್ಲಿ ಪ್ರೆಸ್ಟನ್’ ಎಂದು ಅಚ್ಚಾಯಿತು. ಹಾಡು ಬರೆದವರ ಜಾಗದಲ್ಲಿ ಮಾತ್ರ ಎಂದಿನಂತೆ ಲೆನನ್–ಮೆಕಾರ್ಟ್ನಿ. ಒಂದೇ ಲೇಬಲ್ ಮೇಲೆ ಎರಡು ಬಗೆಯ ಮನ್ನಣೆ, ನಿಮ್ಮ ವಿಷಯವೆಲ್ಲ ಅಲ್ಲಿದೆ.

ಮತ್ತೆ ಬರೆಯುವಾಗ ಹೀಗೆ ಮಾಡಿ. ಐದಾರು ಹಾಡು ಸಾಕು. ಪ್ರತಿಯೊಂದಕ್ಕೂ ಒಂದು ಹಾಳೆಯಲ್ಲಿ ಐದು ಕಲಂ ಎಳೆಯಿರಿ: ಧಾಟಿ ತಂದವರು, ಸಾಹಿತ್ಯ ಬರೆದವರು, ಯಾವ ವಾದ್ಯ ಯಾರು ನುಡಿಸಿದರು, ಲೇಬಲ್ ಮೇಲಿನ ಹೆಸರು, ಪ್ರಕಾಶಕ ಕಂಪನಿ. ಮೊದಲ ಮೂರಕ್ಕೂ ನಾಲ್ಕನೆಯದಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ನಿಲ್ಲಿ, ಅಲ್ಲಿ ಬರೆಯಿರಿ. ‘ಯೆಸ್ಟರ್‌ಡೇ’ಯನ್ನೂ ಸೇರಿಸಿಕೊಳ್ಳಿ. ಮೆಕಾರ್ಟ್ನಿ ಒಬ್ಬರೇ ತಂತಿವಾದ್ಯಗಳ ಜೊತೆ ಹಾಡಿದ ಹಾಡಿಗೂ ಲೆನನ್ ಹೆಸರು ಮೊದಲು. 2002ರ ತಮ್ಮ ಲೈವ್ ಆಲ್ಬಂನಲ್ಲಿ ಅವರು ಹೆಸರುಗಳ ಕ್ರಮ ತಿರುಗಿಸಿದಾಗ ಮತ್ತೆ ಗಲಾಟೆಯಾಯಿತು. ನೊಂದವರು ಒಬ್ಬರೇ ಅಲ್ಲ ಎಂಬುದಕ್ಕೆ ಅದು ಬೇಕು. ಯಾರು ನುಡಿಸಿದರು ಎಂಬ ಕಲಂನಲ್ಲಿ ಒಬ್ಬೊಬ್ಬರ ನೆನಪು ಒಂದೊಂದು ಥರ ಇರುತ್ತದೆ. ಇಬ್ಬರ ಹೇಳಿಕೆಯೂ ಇದ್ದರೆ ಎರಡನ್ನೂ ಬರೆದು ಯಾರದು ಯಾವುದೆಂದು ನಮೂದಿಸಿ.

ಎರಡನೇ ಪುಟದಿಂದ ಏಳರವರೆಗೆ ಮಾತ್ರ ಮತ್ತೆ ಬರೆದು ಕಳಿಸಿ, ಹಾಳೆಗಳನ್ನೂ ಜೊತೆಗಿಡಿ. ನಾನು ಹಾಡುಗಳನ್ನು ಹಾಕಿಕೊಂಡು ಒಂದೊಂದೇ ಸಾಲು ತಾಳೆ ನೋಡುತ್ತೇನೆ.