ಯುನಿಟ್ ಕೌನ್ಸಿಲ್‌ಗೆ ಸೇರುವ ಮೊದಲು

ಅಮೆರಿಕದ ಆಸ್ಪತ್ರೆಗೆ ನರ್ಸ್ ಆಗಿ ಹೊಸದಾಗಿ ಸೇರಿದ್ದೀರಿ, ಮ್ಯಾನೇಜರ್ ಯುನಿಟ್ ಕೌನ್ಸಿಲ್‌ಗೆ (ವಾರ್ಡಿನ ಕೆಲಸದ ಬಗ್ಗೆ ನರ್ಸ್‌ಗಳೇ ಕೂತು ಚರ್ಚಿಸಿ ತೀರ್ಮಾನಿಸುವ ಸಮಿತಿ) ಬನ್ನಿ ಎನ್ನುತ್ತಿದ್ದಾರೆ, ಅಲ್ಲಿ ನರ್ಸ್‌ಗಳ ಮಾತು ನಿಜಕ್ಕೂ ನಡೆಯುತ್ತದಾ ಎಂದು ಕೇಳಿದ್ದೀರಿ. ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಬರೀ ತೋರಿಕೆ.

ಹಿನ್ನೆಲೆ ಇಷ್ಟು: ನರ್ಸ್‌ಗಳ ಕೊರತೆ ಜಾಸ್ತಿಯಿದ್ದಾಗ, 1983ರ ಒಂದು ಅಧ್ಯಯನ ನರ್ಸ್‌ಗಳು ಬಿಟ್ಟುಹೋಗದ 41 ಆಸ್ಪತ್ರೆಗಳನ್ನು ಗುರುತಿಸಿತು. ತೀರ್ಮಾನಗಳಲ್ಲಿ ನರ್ಸ್‌ಗಳಿಗೂ ಪಾಲು ಕೊಡುವ, ಒಳ್ಳೆಯ ನರ್ಸಿಂಗ್ ಇರುವ ಆಸ್ಪತ್ರೆಗಳಿಗೆ ಕೊಡುವ ಮ್ಯಾಗ್ನೆಟ್ ಮಾನ್ಯತೆ ಹುಟ್ಟಿದ್ದು ಅದರಿಂದಲೇ. 1994ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಅದು ಮೊದಲು ಸಿಕ್ಕಿತು. ಈಗ ಆ ಹೆಸರಿಗಾಗಿಯೇ ಕೌನ್ಸಿಲ್ ಇಟ್ಟುಕೊಂಡವರೂ ಇರುತ್ತಾರೆ ಬಿಡಿ.

ನನ್ನ ಸಲಹೆ, ಮೊದಲು ಹಳೆಯ ಸಭೆಗಳ ಮಿನಿಟ್ಸ್ (ನಡಾವಳಿ) ಕೇಳಿ ಪಡೆದು ಓದಿ. ಶಿಫ್ಟ್ ಬದಲಾಗುವಾಗ ರೋಗಿಯ ಪಕ್ಕದಲ್ಲೇ ವರದಿ ಕೊಡುವುದು, ರೋಗಿಗಳು ಬೀಳದಂತೆ ನೋಡಿಕೊಳ್ಳುವುದು, ರಜೆ ಹಂಚುವ ನಿಯಮ, ಇಂಥವನ್ನು ನರ್ಸ್‌ಗಳೇ ತೀರ್ಮಾನಿಸಿ ಜಾರಿಗೆ ತಂದಿದ್ದರೆ ಧೈರ್ಯವಾಗಿ ಸೇರಿ. ಎಲ್ಲ ತಿಂಗಳೂ ಪಾಟ್‌ಲಕ್ ಊಟ (ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಹಂಚಿಕೊಳ್ಳುವುದು), ನೋಟಿಸ್ ಬೋರ್ಡ್ ಅಲಂಕಾರವೇ ಇದ್ದರೆ ಗೊತ್ತಾಯಿತಲ್ವಾ!

ಇನ್ನೆರಡು ಮಾತು ಮೊದಲೇ ಕೇಳಿಬಿಡಿ. ಸಭೆಯ ಗಂಟೆಗೆ ಸಂಬಳ ಇದೆಯಾ? ಆಗ ನಿಮ್ಮ ರೋಗಿಗಳನ್ನು ಯಾರು ನೋಡುತ್ತಾರೆ? ಸಂಬಳ, ಬಜೆಟ್ ಸಾಮಾನ್ಯವಾಗಿ ಕೌನ್ಸಿಲ್ ಕೈಯಲ್ಲಿರುವುದಿಲ್ಲ, ಆ ಆಸೆ ಇಟ್ಟುಕೊಂಡು ಹೋಗಬೇಡಿ.