ಎರಡನೇ ಮಾತಿಗೇ ಬೈಗುಳ ಯಾಕೆ? ಜನ ಕೆಟ್ಟರಾ?

ಮೊದಲೆಲ್ಲ ಜನ ಒಬ್ಬರನ್ನೊಬ್ಬರು ಒಪ್ಪದಿದ್ದರೂ ಮರ್ಯಾದೆಯಿಂದ ಮಾತಾಡುತ್ತಿದ್ದರು, ಈಗ ಫೇಸ್‌ಬುಕ್, ವಾಟ್ಸಾಪ್‌ನಲ್ಲಿ ಎರಡನೇ ಮಾತಿಗೇ ಬೈಗುಳ ಬರುತ್ತದೆ, ಯಾಕೆ ಅಂತ ಕೇಳಿದ್ದೀರಿ. ಬೈದವರಲ್ಲಿ ನಾನೂ ಒಬ್ಬ. ನನ್ನ ಕತೆಯನ್ನೇ ಹೇಳುತ್ತೇನೆ.

ನಮ್ಮದು ಕೊಪ್ಪಳ ಜಿಲ್ಲೆ, ಕಾರಟಗಿ ಹತ್ತಿರದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಮಗೆ ಮೊದಲು ಸಿಗುತ್ತದೆ. ಆಮೇಲೆ ಸಿಂಧನೂರು, ಕೊನೆಗೆ ಮಾನ್ವಿ, ಸಿರವಾರ, ರಾಯಚೂರು ಕಡೆಯವರಿಗೆ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಯೇ ಜಾಸ್ತಿ ಇರುತ್ತದೆ ಅಂದುಕೊಂಡು ತೋಡಿದ ಕಾಲುವೆ ಇದು. ಮೇಲಿನವರು ನಾವು ಭತ್ತಕ್ಕೆ ಬಿದ್ದೆವು. ಕೆಳಗಿನವರಿಗೆ ನೀರು ಮುಟ್ಟುವುದೇ ಕಷ್ಟವಾಯಿತು. ಈ ಜಗಳ ನನಗಿಂತ ಹಳೆಯದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ನೀರು ಸುಮ್ನೆ ನದಿ ಪಾಲಾಗುತ್ತಿತ್ತು. ನಮ್ಮ ರೈತರ ವಾಟ್ಸಾಪ್ ಗ್ರೂಪಿನಲ್ಲಿ ಏಳುನೂರು ಜನ ಇದ್ದೇವೆ. ಎಲ್ಲರಿಗೂ ಸಿಟ್ಟು, ಎಲ್ಲರಿಗೂ ಹೆದರಿಕೆ. ಸಿರವಾರ ಕಡೆಯವರೊಬ್ಬರು "ನೀರು ಉಳಿದರೂ ಅಷ್ಟೇ, ಮೇಲಿನ ಕಳ್ಳರು ಬಿಟ್ಟರೆ ತಾನೇ ನಮಗೆ" ಅಂತ ಬರೆದರು. ನನಗೆ ಉರಿಯಿತು. "ನೀರು ಕೊಟ್ಟರೂ ನಿಮಗೆ ಒಕ್ಕಲುತನ ಬರಲ್ಲ" ಅಂತ ಹಾಕಿದೆ. ಹೆಬ್ಬೆರಳುಗಳು ಸಾಲಾಗಿ ಬಂದವು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಅವರು ನಮ್ಮಪ್ಪನನ್ನು ಎಳೆದು ತಂದರು. ನಾನು ಅವರ ಜಾತಿಯವರೆಗೆ ಹೋಗಲಿಲ್ಲ. ನನ್ನ ಪರವಾಗಿ ಬೇರೆ ಯಾರೋ ಹೋದರು, ನಾನು ತಡೆಯಲಿಲ್ಲ. ವಾರ ತುಂಬುವುದರೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ಅಡ್ಡ ಇಡುವ ಉಕ್ಕಿನ ಹಲಗೆಗಳನ್ನು ಇಳಿಸಿ ಆ ಕಿಂಡಿ ಮುಚ್ಚಿದರು. ನಮ್ಮ ಬೈದಾಟ ಮಾತ್ರ ನಡೆದೇ ಇತ್ತು.

ನಾಲ್ಕು ತಿಂಗಳಾದ ಮೇಲೆ ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಮುಂದೆ ನಿಂತಿದ್ದೆ. "ನೀವೇ ಅಲ್ಲೇನ್ರಿ ಆ ಕಾರಟಗಿಯವ್ರು?" ಅಂತ ಹಿಂದಿನಿಂದ ದನಿ ಬಂತು. ಅದೇ ಸಿರವಾರದವರು, ಡಿಪಿ ನೋಡಿ ಗುರುತು ಹಿಡಿದಿದ್ದರು. ಎದೆ ಧಸಕ್ಕೆಂದಿತು. ಅವರು ಮೊದಲು ಚಹಾ ಹೇಳಿದರು. ನಮ್ಮ ಕಡೆ ಜಗಳ ತೆಗೆಯುವವರೂ ಚಹಾ ಹೇಳಿಯೇ ತೆಗೆಯುತ್ತಾರೆ ಬಿಡಿ.

ಒಂದು ತಾಸು ವಾದ ಮಾಡಿದೆವು. ಅವರೂ ಸೋಲಲಿಲ್ಲ, ನಾನೂ ಸೋಲಲಿಲ್ಲ. ಆದರೆ ಕಳ್ಳ ಅನ್ನುವ ಮಾತು ಒಂದು ಸಲವೂ ಬರಲಿಲ್ಲ. ಗೇಜಿನ, ಅಂದರೆ ಕಾಲುವೆಯಲ್ಲಿ ನೀರು ಎಷ್ಟು ಎತ್ತರ ಇದೆ ಅನ್ನುವ ಅಳತೆಯ ಮಾತು ಬಂತು. 104ನೇ ಮೈಲಿನಲ್ಲಿ ಗೇಜ್ ಅರ್ಧ ಅಡಿ ಇಳಿದರೆ ತಮ್ಮ ಉಪಕಾಲುವೆಯಲ್ಲಿ ಯಾವ ತೂಬು ಮೊದಲು ಒಣಗುತ್ತದೆ, ಆಮೇಲೆ ಯಾವುದು ಅಂತ ಬೆರಳು ಮಡಚಿ ಲೆಕ್ಕ ಹೇಳಿದರು. "ಇದು ನನಗೆ ಗೊತ್ತಿರಲಿಲ್ಲ" ಅಂದೆ. ಇದೇ ಮಾತನ್ನು ಗ್ರೂಪಿನಲ್ಲಿ ಅಂದಿದ್ದರೆ ನಮ್ಮೂರಿನವರೇ ನನ್ನನ್ನು ಬಿಡುತ್ತಿರಲಿಲ್ಲ. ಏಳುನೂರು ಜನರ ಮುಂದೆ ಹಿಂದೆ ಸರಿಯುವುದು ಅಷ್ಟು ಸುಲಭವಲ್ಲ, ಅಲ್ವಾ?

ಕಂಪನಿಗಳದೂ ತಪ್ಪಿದೆ. ಯಾವ ಪೋಸ್ಟನ್ನು ಜಾಸ್ತಿ ಜನರಿಗೆ ತೋರಿಸಬೇಕು ಅನ್ನುವ ಫೇಸ್‌ಬುಕ್ ಲೆಕ್ಕದಲ್ಲಿ 2017ರಲ್ಲಿ ಸಿಟ್ಟಿನ ಇಮೋಜಿ ಒಂದಕ್ಕೆ ಐದು ಲೈಕಿನಷ್ಟು ತೂಕ ಇತ್ತು. 2020ರಲ್ಲಿ ಅದನ್ನು ಸೊನ್ನೆಗೆ ಇಳಿಸಿದರು. ಒಳಗಿನ ಕಾಗದಗಳು 2021ರಲ್ಲಿ ಹೊರಬಿದ್ದಾಗಲೇ ನಮಗೆಲ್ಲ ಇದು ತಿಳಿದಿದ್ದು. ಆದರೆ ವಾಟ್ಸಾಪ್ ಗ್ರೂಪಿನಲ್ಲಿ ಇಂಥ ಲೆಕ್ಕವೇ ಇಲ್ಲ, ಮೆಸೇಜು ಬಂದ ಹಾಗೆ ಕಾಣುತ್ತದೆ. ಅಲ್ಲೂ ನಾವು ಬೈದಾಡಿದೆವಲ್ಲ!

ಇನ್ನು, ಹಿಂದೆ ಎಲ್ಲರೂ ಮರ್ಯಾದೆಯಿಂದ ಮಾತಾಡುತ್ತಿದ್ದರು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮೂರ ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದವರು ಯಾರು ಹೇಳಿ? ಹೆಂಗಸರು ಕೂರುತ್ತಿರಲಿಲ್ಲ. ಕೇರಿಯವರನ್ನು ಕೂರಲು ಬಿಡುತ್ತಿರಲಿಲ್ಲ. ಒಂದೇ ಥರದ ಏಳೆಂಟು ಜನ ಕೂತರೆ ಮರ್ಯಾದೆಗೇನು ಕೊರತೆ? ಈಗ ಎಲ್ಲರಿಗೂ ಬಾಯಿ ಬಂದಿದೆ. ಅದು ಕೆಲವರಿಗೆ ಸಹಿಸಲು ಆಗುತ್ತಿಲ್ಲ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಲ್ಲಿ ಧರಣಿ ಶುರುವಾದಾಗ ನನ್ನ ಅಕ್ಕನ ಮಗಳು ಅದರ ಪರವಾಗಿ ನಾಲ್ಕು ಸಾಲು ಬರೆದಳು. ಆಸ್ಪತ್ರೆ ಬಗ್ಗೆ ಒಬ್ಬರೂ ಉತ್ತರ ಕೊಡಲಿಲ್ಲ. ಅವಳ ಫೋಟೋ, ಅವಳ ಬಟ್ಟೆ, ಇಷ್ಟೇ. ಅವಳು ಬರೆಯುವುದನ್ನೇ ಬಿಟ್ಟಳು. ನನಗೆ ಬಿದ್ದ ಬೈಗುಳಕ್ಕಿಂತ ಇದು ನನಗೆ ಜಾಸ್ತಿ ಚುಚ್ಚುತ್ತದೆ.

ಸಿರವಾರದವರ ನಂಬರ್ ಈಗ ನನ್ನ ಹತ್ತಿರ ಇದೆ. ಹೋದ ತಿಂಗಳು ಅವರು ಗ್ರೂಪಿನಲ್ಲಿ ಮತ್ತೆ ಕಾರಟಗಿಯವರನ್ನು ಹಿಗ್ಗಾಮುಗ್ಗಾ ಬೈದಿದ್ದರು. ಟೈಪ್ ಮಾಡಲು ಶುರು ಮಾಡಿದವನು ಅಳಿಸಿ, ನೇರ ಫೋನ್ ಮಾಡಿ ಕೇಳಿದೆ.

"ಅಣ್ಣಾ, ಅದು ಗ್ರೂಪಿಗೆ ಬರೆದಿದ್ದುರೀ, ನಿಮಗಲ್ಲ" ಅಂದರು.